ನಾನು ಕುರಿಮಂದೆ ನಿಲ್ಲಿಸಿದ ಹೊಲ

ಯಾರನ್ನೂ ಸುಲಭವಾಗಿ ನಂಬಬಾರದೆಂಬುದು ಪದವಿಯ ಜೊತೆಯಲ್ಲೇ ನಾನು ಸಂಪಾದಿಸಿದ ತತ್ತ್ವ. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನೇ ಆದ್ದರಿಂದ, ಅದನ್ನು ತಿದ್ದಬಲ್ಲ ಹಿರಿಯರು ಯಾರೂ ಇರಲಿಲ್ಲ. ಹೀಗಾಗಿ ಹರಿಹರದ ಆಚೆಯ ಹಳ್ಳಿಯಿಂದ ಮಾವನವರು ಫೋನ್ ಮಾಡಿ, ತಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಜವಾಬ್ದಾರಿಯನ್ನು ನನಗೆ ವಹಿಸಿದಾಗ, ಅವರು ತಕ್ಕ ವ್ಯಕ್ತಿಯನ್ನೇ ಆರಿಸಿದ್ದಾರೆಂದು ನನಗೆ ಅನ್ನಿಸಿತು.

ಭತ್ತದ ಕೊಯ್ಲು ಮುಗಿದ ಮೇಲೆ ಕುರಿಗಾರರು ಹಿಂಡಿನೊಂದಿಗೆ ಆ ಕಡೆ ಬರುತ್ತಾರೆ. ಹಗಲು ಕುರಿಗಳನ್ನು ಮೇಯಿಸಿ, ರಾತ್ರಿ ಯಾರದಾದರೂ ಹೊಲದಲ್ಲಿ ಬಲೆ ಕಟ್ಟಿ ಕೂಡಿಹಾಕುತ್ತಾರೆ. ಹಿಕ್ಕೆ, ಗಂಜಲ ಎರಡೂ ನೆಲಕ್ಕಿಳಿದರೆ ಮುಂದಿನ ಬೆಳೆಗೆ ಬೇರೆ ಗೊಬ್ಬರವೇ ಬೇಡ. ಪ್ರತಿಯಾಗಿ ಹೊಲದವರು ಒಂದು ಚೀಲ ಭತ್ತವನ್ನೂ ಊಟವನ್ನೂ ಕೊಡುತ್ತಾರೆ. ಹಿಂಡು ಬರುವುದು ವರ್ಷಕ್ಕೆ ಒಮ್ಮೆ ಮಾತ್ರ. ಮಾವನವರು ಮೊಣಕಾಲು ನೋವಿನಿಂದ ಮಂಚ ಬಿಟ್ಟು ಇಳಿಯುವಂತಿರಲಿಲ್ಲ.

"ಮೂರು ರಾತ್ರಿ ಕುರಿ ನಮ್ ಹೊಲದಾಗೆ ಮಲಗ್ಬೇಕು, ಅಷ್ಟೆ," ಎಂದರು. "ದಾರಿ ಆಚೆ ಹೊಲದ ಮಲ್ಲೇಶಪ್ಪ ಹೋದ್ ವರ್ಷ ಕುರಿಗಾರಗೆ ಚಾ ಕುಡ್ಸಿ, ಒಂದ್ ರಾತ್ರಿ ತನ್ ಕಡೆ ಹಾಕ್ಸ್ಕೊಂಡ. ನೀವು ಓದಿದೋರು. ನಿಮ್ಮನ್ನ ಯಾಮಾರ್ಸಾಕಾಗಲ್ಲ ಬಿಡ್ರಿ."

ಪಿ.ಜೆ. ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ನಾನು ಚೀಲ ತುಂಬುತ್ತಿರುವಾಗ ಹೆಂಡತಿ ಕವಿತಾ ಹೇಳಿದಳು: "ಆ ಹೊಲ ನೀವು ನೋಡಿದ್ದೇ ಒಂದ್ಸಲ. ಕುರಿಗಾರ ಬೀರಪ್ಪಗೆ ಎಲ್ಲಾ ಗೊತ್ತೈತೆ. ಅವನು ಹಾಕಿದಲ್ಲಿ ಹಾಕ್ಲಿ ಬಿಡ್ರಿ."

"ಅವನು ಹಾಕಿದಲ್ಲಿ ಹಾಕುವುದಾದರೆ ನಾನು ಹೋಗುವುದೇಕೆ?"

"ಅದನ್ನೇ ನಾನೂ ಕೇಳೋದು."

ಈ ಪ್ರಶ್ನೆಗೆ ಉತ್ತರಿಸುವುದು ಅನಗತ್ಯವೆಂದು ಭಾವಿಸಿ, ಮಾವನವರ ಜಮೀನಿನ ನಕ್ಷೆಯ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರಪಡಿಸಿಕೊಂಡು ಬಸ್ಸು ಹತ್ತಿದೆ.

ನಾನು ತಲುಪುವ ವೇಳೆಗೆ ಸಂಜೆಯಾಗಿತ್ತು. ಬಂಡಿದಾರಿಯ ಎಡಗಡೆಯ ಹೊಲದಲ್ಲಿ ಬೀರಪ್ಪ ಆಗಲೇ ಗೂಟ ಬಡಿಯುತ್ತಿದ್ದ. ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಅವನಿಗೆ ಎಲೆ-ಅಡಿಕೆ ಕೊಡುತ್ತಿದ್ದವರು ಮಲ್ಲೇಶಪ್ಪ! ನನಗೆ ಇನ್ನಾವ ಸಾಕ್ಷ್ಯವೂ ಬೇಕಿರಲಿಲ್ಲ. ಆದರೂ ನ್ಯಾಯದ ದೃಷ್ಟಿಯಿಂದ ನಕ್ಷೆಯನ್ನು ತೆರೆದೆ. ನಕ್ಷೆಯಲ್ಲಿ ಮಾವನವರ ಹೊಲ ದಾರಿಯ ಬಲಕ್ಕಿತ್ತು. ಬೀರಪ್ಪ ನಿಂತಿದ್ದುದು ಎಡಕ್ಕೆ.

"ಗೂಟ ಕೀಳಿ," ಎಂದೆ.

ಬೀರಪ್ಪ ನನ್ನನ್ನೂ ಹಾಳೆಯನ್ನೂ ನೋಡಿದ. "ಯಾಕ್ ಸ್ವಾಮಿ? ವರ್ಷಾ ಇಲ್ಲೇ ಹಾಕೋದು."

"ವರ್ಷವೂ ನಡೆದ ತಪ್ಪು ಈ ವರ್ಷ ನಡೆಯಲಾರದು. ದಾಖಲೆಯೇ ಹೇಳುತ್ತಿದೆ."

ಬೀರಪ್ಪ ಮಲ್ಲೇಶಪ್ಪನವರ ಮುಖ ನೋಡಿದ. ಅವರು ಎಲೆಗೆ ಸುಣ್ಣ ಸವರುತ್ತ ಗಂಭೀರವಾಗಿ ಹೇಳಿದರು: "ಓದಿದೋರು ಕಾಗ್ದ ನೋಡಿ ಹೇಳ್ತಾರೆ ಅಂದ್ರೆ ನಮ್ದೇನೈತಪ್ಪಾ. ಕೀಳು, ಕೀಳು." ಅಷ್ಟೇ ಅಲ್ಲ, ಸ್ವತಃ ಎದ್ದು ನಾಲ್ಕು ಗೂಟ ಕಿತ್ತುಕೊಟ್ಟರು. ಕಳ್ಳತನ ಬಯಲಾದಾಗ ಮನುಷ್ಯ ಎಷ್ಟು ವಿನಯಶೀಲನಾಗುತ್ತಾನೆಂದು ನಾನು ಮನಸ್ಸಿನಲ್ಲೇ ಗುರುತು ಮಾಡಿಕೊಂಡೆ.

ಕುರಿಗಳನ್ನು ದಾರಿ ದಾಟಿಸುವ ಹೊಣೆಯನ್ನು ನಾನೇ ಹೊತ್ತೆ. ಹಿಂದಿನಿಂದ ಕೈಬೀಸಿ ಗದರಿದ ತಕ್ಷಣ ಹಿಂಡು ಮೂರು ದಿಕ್ಕಿಗೆ ಮೂರು ಪಾಲಾಯಿತು. ಒಂದು ಟಗರು ಮಾತ್ರ ನಾಲ್ಕನೆಯ ದಿಕ್ಕನ್ನು ಆರಿಸಿಕೊಂಡಿತು. ಆ ದಿಕ್ಕಿನಲ್ಲಿ ನಾನಿದ್ದೆ. ನಾನು ಕಾಲುವೆಯ ಕೆಸರಿನಿಂದ ಏಳುವಷ್ಟರಲ್ಲಿ, ಬೀರಪ್ಪ ಮುಂದೆ ನಡೆಯುತ್ತ ನಾಲಿಗೆಯಲ್ಲಿ ಏನೋ ಸದ್ದು ಮಾಡುತ್ತಿದ್ದ; ಹಿಂಡೆಲ್ಲ ಅವನ ಬೆನ್ನಿಗೆ ಅಂಟಿಕೊಂಡಂತೆ ಹೊರಟಿತ್ತು.

"ಕುರಿ ಹಿಂದಿಂದ ಹೊಡ್ಯೋದಲ್ಲ ಸ್ವಾಮಿ, ಮುಂದೆ ಹೋಗೋದು," ಎಂದ. ನನಗೆ ಬುದ್ಧಿ ಹೇಳಿ ಗಮನ ಬೇರೆಡೆ ಸೆಳೆಯುತ್ತಿದ್ದಾನೆಂದು ಅನುಮಾನವಾಯಿತು. ಕುರಿಗಳನ್ನು ಎಣಿಸಿದೆ. ಮೊದಲ ಸಲ ಇನ್ನೂರ ಹನ್ನೊಂದು, ಎರಡನೆಯ ಸಲ ನೂರ ತೊಂಬತ್ತೆಂಟು. ಅನುಮಾನ ದೃಢವಾಯಿತು.

ಮೂರು ದಿನವೂ ಬೆಳಿಗ್ಗೆ ಕಾವಲಿದ್ದೆ. ಬೀರಪ್ಪ ಕುರಿಗಳನ್ನು ಎಬ್ಬಿಸಿ, ಬಲೆಯೊಳಗೇ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದ. "ಎದ್ದ ಕೂಡ್ಲೆ ಬಿಟ್ರೆ ಹಿಕ್ಕೆಲ್ಲ ದಾರಿ ಪಾಲು," ಎಂದು ವಿವರಿಸಿದ. ನಾನು ಪ್ರತಿದಿನ ಹಟ ಹಿಡಿದು ಇನ್ನೂ ಕಾಲು ಗಂಟೆ ನಿಲ್ಲಿಸಿದೆ. ಮಲ್ಲೇಶಪ್ಪನವರು ತಪ್ಪದೆ ಚಹಾ ತಂದುಕೊಡುತ್ತಿದ್ದರು. ಅದು ಲಂಚವಾಗಿರಬಹುದೆಂದು ಶಂಕಿಸಿ, ಅರ್ಧ ಲೋಟ ಮಾತ್ರ ಕುಡಿಯುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಬೀರಪ್ಪ ಭತ್ತದ ಚೀಲವನ್ನು ಕತ್ತೆಯ ಮೇಲೆ ಹೇರಿಕೊಂಡು ಹಿಂಡಿನೊಂದಿಗೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಮಾವನವರು ಕುಂಟುತ್ತ ಆಟೋದಿಂದ ಇಳಿದರು. ಇಳಿದವರು ನೇರವಾಗಿ ಎಡಗಡೆಯ ಹೊಲಕ್ಕೆ ನಡೆದರು. ಕೊಯ್ದ ಭತ್ತದ ಕೂಳೆಯ ನಡುವೆ ಬಗ್ಗಿ ನೋಡಿದರು. ಒಂದು ಹಿಕ್ಕೆಯೂ ಇರಲಿಲ್ಲ.

"ಅಳಿಯಂದ್ರೆ, ಕುರಿ ಎಲ್ಲಿ ಹಾಕ್ಸಿದ್ರಿ?"

ನಾನು ಹೆಮ್ಮೆಯಿಂದ ಬಲಗಡೆಗೆ ಕೈ ತೋರಿಸಿದೆ. ಅಲ್ಲಿ ಮಲ್ಲೇಶಪ್ಪನವರ ಟ್ರ್ಯಾಕ್ಟರ್ ಆಗಲೇ ಹಿಕ್ಕೆಯನ್ನೆಲ್ಲ ಮಣ್ಣಿಗೆ ಮಗುಚುತ್ತಿತ್ತು.

ಮಾವನವರು ನನ್ನ ಕೈಯಿಂದ ನಕ್ಷೆಯನ್ನು ತೆಗೆದುಕೊಂಡರು. ಅವರಿಗೆ ಓದಲು ಬಾರದು. ಹಾಳೆಯಲ್ಲಿದ್ದ ಕಾಲುವೆಯ ಗೆರೆಯನ್ನು ನೋಡಿದರು, ಎದುರಿಗಿದ್ದ ಕಾಲುವೆಯನ್ನು ನೋಡಿದರು, ಹಾಳೆಯನ್ನು ಮೆಲ್ಲಗೆ ತಲೆಕೆಳಗು ಮಾಡಿ ನನಗೆ ಹಿಂದಿರುಗಿಸಿದರು. ಹಾಳೆಯ ಮೇಲ್ತುದಿ ಉತ್ತರ. ನಾನು ಉತ್ತರದಿಂದ ಬಂದು, ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದೆ.

ಮಲ್ಲೇಶಪ್ಪನವರು ಬದುವಿನ ಮೇಲಿನಿಂದ ಕೂಗಿದರು: "ಗೌಡ್ರೇ, ನಿಮ್ ಅಳಿಯ ಬಂಗಾರ ಕಣ್ರಿ. ನಾನು ಬ್ಯಾಡ ಅಂದ್ರೂ ಕೇಳ್ಲಿಲ್ಲ." ಬೇಡವೆಂದು ಅವರು ಅಂದಿರಲಿಲ್ಲ. ಆದರೆ ಅದನ್ನು ಸಾಬೀತುಪಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆ ವರ್ಷ ಮಾವನವರು ಗೊಬ್ಬರವನ್ನು ಅಂಗಡಿಯಿಂದ ತಂದರು. ದಾರಿಯ ಬಲಗಡೆಯ ಪೈರು ಮಾತ್ರ, ದೂರದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರೂ ತಿರುಗಿ ನೋಡುವಷ್ಟು ಹಸಿರಾಗಿತ್ತು.

ಈ ಸಲದ ಕೊಯ್ಲಿನ ನಂತರ ಬೀರಪ್ಪ ಬಂದಾಗ, ಕವಿತಾಳೂ ನಾನೂ ಮಾವನ ಮನೆಯಲ್ಲೇ ಇದ್ದೆವು. ಮಂದೆ ಎಲ್ಲಿ ಹಾಕಲೆಂದು ಅವನು ಅಂಗಳದಲ್ಲಿ ನಿಂತು ಕೇಳಿದ. ಮಾವನವರು ನನ್ನತ್ತ ನೋಡಿ, ತುಂಬ ಗೌರವದಿಂದ ಹೇಳಿದರು:

"ನಮ್ ಅಳಿಯಂದ್ರನ್ನ ಕೇಳು. ಅವರು ಯಾವ ಹೊಲ ತೋರಿಸ್ತಾರೋ, ಅದನ್ನ ಬಿಟ್ಟು ಇನ್ನೊಂದ್ರಾಗೆ ಹಾಕು."

ಕವಿತಾ ಒಳಗೆ ನಕ್ಕಳು. ನನ್ನ ಪದವಿ ಕೊನೆಗೂ ಒಂದು ಉಪಯೋಗಕ್ಕೆ ಬಂದಿತ್ತು.