ನಾನು ಪಾತ್ರೆ ತೊಳೆದ ಎಂಟು ದಿನ

ಹೆಂಡತಿ ಸುಜಾತಳಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಮನೆಗೆ ಕರೆದುಕೊಂಡು ಹೊರಟಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೋಡ್ರಿ, ಸೋಂಕು ತಗಲಬಾರದು. ಪಾತ್ರೆ ಪಗಡೆ ಚೊಕ್ಕಟವಾಗಿರಲಿ" ಎಂದರು. ನಾನು ನಕ್ಕೆ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿರುವವನಿಗೆ ತಟ್ಟೆ ಲೋಟ ಯಾವ ಲೆಕ್ಕ! ಅಷ್ಟೂ ವರ್ಷದಲ್ಲಿ ಮನೆಯ ಒಂದು ಚಮಚವನ್ನೂ ತೊಳೆದಿರಲಿಲ್ಲ ಎನ್ನುವುದು ಮಾತ್ರ ಆಗ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಹಿರಿಯೂರಿನ ನಮ್ಮ ಮನೆಯ ಹಿತ್ತಲಲ್ಲಿ ಕಾರ್ಯಾಚರಣೆ ಆರಂಭವಾಯಿತು. ನೀರಿನ ತೊಟ್ಟಿಗೆಂದು ತಂದಿಟ್ಟಿದ್ದ ಬ್ಲೀಚಿಂಗ್ ಪೌಡರನ್ನು ಟಬ್ಬಿನ ನೀರಿಗೆ ಸುರಿದೆ. ಚಿಟಿಕೆ ಸಾಕಿತ್ತೇನೋ. ಹೆಂಡತಿಯ ಜೀವದ ಪ್ರಶ್ನೆ, ಜಿಪುಣತನ ಯಾಕೆಂದು ಅರ್ಧ ಪ್ಯಾಕೆಟ್ ಹಾಕಿದೆ. ಅಡುಗೆಮನೆಯ ಸಮಸ್ತ ಪಾತ್ರೆಗಳನ್ನೂ ಮುಳುಗಿಸಿ, ಸ್ನಾನ ಪೂಜೆ ಮುಗಿಸಿ, ಪೇಪರ್ ಓದಿ ಬಂದೆ.

ಅಲ್ಯೂಮಿನಿಯಂ ಪಾತ್ರೆ ಕಪ್ಪಗಾಗಿತ್ತು. ಸ್ಟೀಲ್ ತಟ್ಟೆಗಳಿಗೆ ಚುಕ್ಕೆ ಬಿದ್ದಿದ್ದವು. ಅತ್ತೆ ಮದುವೆಯಲ್ಲಿ ಕೊಟ್ಟಿದ್ದ ತಾಮ್ರದ ಚೊಂಬು ಹಸಿರು! ತಾಮ್ರಕ್ಕೆ ಹುಣಸೆಹಣ್ಣು ಹಚ್ಚುತ್ತಾರೆಂದು ಗೊತ್ತಿತ್ತು. ಒಂದು ಹಿಡಿ ಹುಣಸೆಹಣ್ಣು ಕಿವುಚಿ ಅದೇ ಟಬ್ಬಿಗೆ ಹಾಕಿದೆ. ಬ್ಲೀಚಿಂಗಿಗೆ ಹುಳಿ ಸೇರಿಸಬಾರದೆಂದು ನಮ್ಮ ಲ್ಯಾಬಿನ ಗೋಡೆಯ ಮೇಲೆ ಬರೆದಿದೆ. ಬರೆದವನು ನಾನೇ.

ಮೂಗಿಗೆ ಘಾಟು ಬಡಿಯಿತು. ಕಣ್ಣು ಉರಿದವು. ಕೆಮ್ಮುತ್ತಾ ಗೋಡೆ ಹಿಡಿದು ಕುಸಿದೆ. ಪಕ್ಕದ ಮನೆಯ ರತ್ನಕ್ಕ ಕಾಂಪೌಂಡಿನ ಆಚೆಯಿಂದ, "ಏನಣ್ಣ, ಗಿಡಕ್ಕೆ ಔಷಧಿ ಹೊಡೀತಿದೀರಾ?" ಎಂದು ಇಣುಕಿದವಳು, ನನ್ನ ಅವಸ್ಥೆ ನೋಡಿ ಓಡಿ ಬಂದು ರಟ್ಟೆ ಹಿಡಿದು ಈಚೆಗೆ ಎಳೆದಳು.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಸುಜಾತ! ಮಂಚ ಬಿಟ್ಟು ಇಳಿಯಬಾರದೆಂದು ಡಾಕ್ಟರು ಹೇಳಿದ್ದರು. ಹೊಟ್ಟೆಯ ಹೊಲಿಗೆಯನ್ನು ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದಳು.

"ರೀ, ಪಾತ್ರೆ ಹಾಳಾಗಿ ಹೋಗ್ಲಿ. ಉಸಿರು ಸರಿಯಾಗಿ ಆಡ್ತೈತಾ?"

ಅವಳ ಮುಖ ಬಿಳಿಚಿಕೊಂಡಿತ್ತು. ಅವತ್ತು ನಾನು ಹೆದರಿದಷ್ಟು ಆಪರೇಷನ್ ಥಿಯೇಟರಿನ ಹೊರಗೆ ಕೂತಾಗಲೂ ಹೆದರಿರಲಿಲ್ಲ. ಸದ್ಯ, ಹೊಲಿಗೆ ಬಿಚ್ಚಿರಲಿಲ್ಲ.

ಮಲಗಿದ ಮೇಲೆ ಮೆಲ್ಲಗೆ ಹೇಳಿದಳು: "ಸೋಪು, ಬಿಸಿನೀರು, ಆಮೇಲೆ ಬಿಸಿಲು. ಅಷ್ಟೇರಿ."

ಮುಂದಿನ ಏಳು ದಿನ ಅಕ್ಷರಶಃ ಪಾಲಿಸಿದೆ. ಸೋಪು ತಾಗಿ ಬೆರಳ ಸಂದಿಗಳು ಬಿರುಕು ಬಿಟ್ಟವು. ಇಷ್ಟು ವರ್ಷ ಅವಳ ಕೈಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಪಾತ್ರೆಗಳನ್ನು ಬುಟ್ಟಿಯಲ್ಲಿ ಬಿಸಿಲಿಗಿಟ್ಟು, ಎದೆಯುಬ್ಬಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಬರುವಷ್ಟರಲ್ಲಿ ಫಳಫಳ!

ಎಂಟನೆಯ ದಿನ ಹೊಲಿಗೆ ತೋರಿಸಲು ಹೋಗಬೇಕೆಂದು ರಜೆ ಹಾಕಿ ಮನೆಯಲ್ಲೇ ಇದ್ದೆ. ಹತ್ತು ಗಂಟೆಗೆ ರತ್ನಕ್ಕ ಬಂದಳು. ನನ್ನನ್ನು ಗಮನಿಸದೆ ಸೀದಾ ಹಿತ್ತಲಿಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ನಾನು ಆಗಷ್ಟೇ ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಬುಟ್ಟಿಯಿಂದ ಸುರುವಿಕೊಂಡು ಉಜ್ಜತೊಡಗಿದಳು.

"ಏನ್ ರತ್ನಕ್ಕ ಇದು?"

ಅವಳು ಬೆಚ್ಚಿ ತಿರುಗಿದಳು. "ಅಯ್ಯೋ, ಅಣ್ಣ! ಇವತ್ತು ಮನೇಲೇ ಇದೀರಾ?"

ಒಳಗಿನಿಂದ ಸುಜಾತಳ ನಗು ಕೇಳಿಸಿತು. ನಗಬೇಡ, ಹೊಲಿಗೆ ಎಳೆಯುತ್ತೆ ಎಂದು ಕೂಗಿ ಹೇಳಿದೆ.

"ಏಳು ದಿನದಲ್ಲಿ ಒಂದಾದ್ರೂ ಸರಿಯಾಗಿ ತೊಳೆದಿದ್ನಾ?" ಎಂದು ರತ್ನಕ್ಕನನ್ನು ಕೇಳಿದೆ.

ರತ್ನಕ್ಕ ಕೈಯಲ್ಲಿದ್ದ ಲೋಟವನ್ನು ತಿರುಗಿಸಿ ನೋಡಿದಳು.

"ಲೋಟ ಚೆನ್ನಾಗಿ ತೊಳೀತೀರಣ್ಣ," ಎಂದಳು. "ಹೊರಮೈ ಮಾತ್ರ."