ಗಾಜಿನ ಪೆಟ್ಟಿಗೆಯೊಳಗಿನ ಅಜ್ಜಿಯ ಹೇರ್‌ಪಿನ್ನು

ಶಾಸನಸಭೆಯ ಸಮಸ್ತ ಸದಸ್ಯರ ಸನ್ನಿಧಿಗೆ,

ಮಾನ್ಯರೇ, ನನಗೆ ಮದುವೆಯಾಯಿತು! ಮೊದಲು ನಮಸ್ಕಾರ, ಕುಶಲ, ವಿಜ್ಞಾಪನೆ ಎಲ್ಲ ಬರೆದು ಆಮೇಲೆ ಈ ವಿಷಯಕ್ಕೆ ಬರಬೇಕೆಂದು ಅಪ್ಪ ಬುದ್ಧಿ ಹೇಳಿದ್ದರು, ಆದರೆ ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಎರಡನೆಯ ವಾಕ್ಯದವರೆಗೆ ಕಾಯುವುದು ನನ್ನಿಂದಾಗದ ಕೆಲಸ. ಈಗ ಎದ್ದು ನಿಂತು, ಎರಡೂ ಕೈ ಮುಗಿದು, ತಮಗೂ ತಮ್ಮ ಕುಟುಂಬದವರಿಗೂ, ಹಗಲಿರುಳು ತಮ್ಮ ಮಾತು ಕೇಳಿಸಿಕೊಳ್ಳುವ ಆ ಬಡಪಾಯಿ ಮೈಕುಗಳಿಗೂ ಅನಂತ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ.

ನಮ್ಮವರು (ಈ ಪದ ಬರೆಯುವಾಗ ಪೆನ್ನಿಗೂ ನಾಚಿಕೆ!) ತಮ್ಮ ಶಾಸನಸಭೆಯ ಮುದ್ರಣಾಲಯದಲ್ಲೇ ಕರಡು ತಿದ್ದುತ್ತಾರೆ. ತಾವು ಸಭೆಯಲ್ಲಿ ಆಡಿದ ಮಾತಿಗೆ ಮರುದಿನ ತಲೆಬುಡ ಕಾಣಿಸಿದರೆ ಅದು ಅವರ ಕೈಗುಣ. ಮದುವೆಯ ನೆಂಟರ ಚಪ್ಪಲಿಗಳಿನ್ನೂ ನಮ್ಮ ಬಾಗಿಲಲ್ಲಿ ರಾಶಿ ಬಿದ್ದಿರುವಾಗಲೇ ಅವರ ಮೇಲ್ವಿಚಾರಕರಿಂದ ಫೋನ್ ಬಂತು: "ಏನಪ್ಪಾ ಮದುಮಗ, ಪವಿತ್ರ ಗ್ರಂಥಕ್ಕೆ ರಾಷ್ಟ್ರೀಯ ಗೌರವ ದಿನ ಮಾಡ್ಬೇಕು ಅಂತ ಮಸೂದೆ ಬಂದಿದೆ. ರಜೆ ರದ್ದು. ಒಂದೇ ದಿನದ ಕೆಲಸ, ಬಂದ್ಬಿಡು." ಅವರು ಹೊರಟರು. ಕೆಲಸ ಮುಗಿಸಿ, ವಾರದೊಳಗೆ ಬಂದು ನನ್ನನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ನಾನು ಸೂಟ್‌ಕೇಸ್ ತುಂಬಿಸಿ ಅದರ ಮೇಲೆ ಕೂತೆ. ತಿಂಗಳಾಗುತ್ತ ಬಂತು, ಇನ್ನೂ ಕೂತಿದ್ದೇನೆ.

ತಪ್ಪು ತಮ್ಮದೆಂದು ನಾನು ಖಂಡಿತ ಹೇಳುತ್ತಿಲ್ಲ. ಅಷ್ಟು ದೊಡ್ಡ ಗ್ರಂಥಕ್ಕೆ ಒಂದು ದಿನ ಗೊತ್ತುಮಾಡುವಾಗ ಅದು ಬೇಸಿಗೆಯಲ್ಲಿರಬೇಕೋ ಚಳಿಗಾಲದಲ್ಲೋ, ಅಂದು ಗ್ರಂಥಕ್ಕೆ ಹಾಕುವ ಹೊದಿಕೆ ಹಸಿರೋ ನೀಲಿಯೋ, ಅದು "ಗೌರವ ದಿನ"ವೋ "ಮಹಾ ಗೌರವ ದಿನ"ವೋ ಎಂದು ತಾವಲ್ಲದೆ ಇನ್ನಾರು ಚಿಂತಿಸಬೇಕು? ತಮ್ಮ ಒಂದೊಂದು ತಿದ್ದುಪಡಿಗೂ ಹೊಸ ಕರಡು, ಒಂದೊಂದು ಕರಡಿಗೂ ನಮ್ಮವರ ರಜೆ ಮತ್ತೆ ರದ್ದು. "ಬೆಳಿಗ್ಗೆ 'ಪ್ರಜೆಗಳು ಎದ್ದು ನಿಲ್ಲತಕ್ಕದ್ದು' ಅಂತ ಇತ್ತು, ಸಂಜೆ ಹೊತ್ತಿಗೆ 'ಕೂರತಕ್ಕದ್ದು' ಅಂತಾಯ್ತು. ನಾನಂತೂ ಕೂತ ಜಾಗ ಬಿಟ್ಟು ಎದ್ದಿಲ್ಲ ಕಣೇ" ಎಂದು ಫೋನಿನಲ್ಲಿ ಹೇಳಿದರು. ಅವರಿಗೆ ಅಲ್ಲಿಗೇ ಊಟ ತಂದಿದ್ದ ಅತ್ತೆಯವರು ಅದೇ ಫೋನ್ ಕಸಿದುಕೊಂಡು, "ಅಲ್ಲ ಮಗಾ, ಒಂದು ದಿನ ಯಾವುದು ಅಂತ ಹೇಳೋಕೆ ಇವರಿಗೆ ಎಷ್ಟು ದಿನ ಬೇಕು?" ಎಂದರು. ಇತ್ತ ಎದುರುಮನೆ ಚಿಕ್ಕಮ್ಮ ದಿನಾ ಬೆಳಿಗ್ಗೆ ಗೇಟಿಗೆ ಆತುಕೊಂಡು, "ಏನೇ ಹುಡುಗಿ, ನಿನ್ನ ಮದುವೆ ಊಟ ಉಂಡಿದ್ದು ನಿಜಾನೋ, ನಾನೇನಾದ್ರೂ ಕನಸು ಕಂಡ್ನೋ?" ಎಂದು ವಿಚಾರಿಸಿಕೊಳ್ಳುತ್ತಾರೆ. ಮಸೂದೆಯ ಪ್ರಗತಿಯ ಬಗ್ಗೆ ಇಷ್ಟು ಕಾಳಜಿ ಇರುವ ಪ್ರಜೆ ತಮಗೆ ಇನ್ನೊಬ್ಬರು ಸಿಗಲಾರರು.

ನನಗೂ ಆ ಗ್ರಂಥಕ್ಕೂ ಹಳೆಯ ನಂಟು. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಮನೆಮಾತಿನ ಅಕ್ಷರ ಕಲಿತದ್ದು ಅಡುಗೆಮನೆಯಲ್ಲಿ, ಅಜ್ಜಿಯ ಪಕ್ಕ, ಅವರು ಈರುಳ್ಳಿ ಹೆಚ್ಚುತ್ತ ಓದಿಸುತ್ತಿದ್ದ ಈ ಗ್ರಂಥದಿಂದ. ತಡವರಿಸಿದರೆ ತಲೆಗೊಂದು ಮೊಟಕು, ಸರಿ ಓದಿದರೆ ಒಂದು ಬೆಲ್ಲದ ಚೂರು. ಎಷ್ಟೋ ವರ್ಷ ನಾನು ಭಕ್ತಿಯಿಂದ ಕಣ್ಣೀರು ಹಾಕುತ್ತೇನೆಂದೇ ತಿಳಿದಿದ್ದೆ, ಅದು ಈರುಳ್ಳಿಯದು. ತಮ್ಮ ಮಸೂದೆಯ ಸುದ್ದಿ ಓದಿ ಹೇಳಿದಾಗ ಅಜ್ಜಿ ಚಾಕು ಕೆಳಗಿಟ್ಟು ಕೇಳಿದ್ದು ಇಷ್ಟೇ: "ವರ್ಷಕ್ಕೆ ಒಂದು ದಿನಾನಾ? ಮಿಕ್ಕ ದಿನ ಅದೇನು ತವರಿಗೆ ಹೋಗಿರುತ್ತಾ?"

ಈಗ ಮುಖ್ಯ ವಿಷಯ. ನಮ್ಮ ಮನೆಯಲ್ಲಿ ಯಾರಿಗೆ ಮದುವೆಯಾದರೂ ಅಜ್ಜಿ ಆ ಗ್ರಂಥದ ಒಂದು ಪ್ರತಿ ಕೊಡುತ್ತಾರೆ, ಆ ಜೋಡಿಗೆಂದು ಒಂದು ಪುಟ ಆರಿಸಿ, ತಮ್ಮ ತುರುಬಿನಿಂದ ಹೇರ್‌ಪಿನ್ ತೆಗೆದು ಅಲ್ಲಿ ಸಿಕ್ಕಿಸುತ್ತಾರೆ. ನಮ್ಮ ಪ್ರತಿಯನ್ನು ನಮ್ಮವರು ಮುದ್ರಣಾಲಯದ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರು. ಚರ್ಚೆಯ ಮೊದಲ ದಿನ ತಮ್ಮಲ್ಲೊಬ್ಬರು ಗ್ರಂಥದ ನಾಲ್ಕು ಸಾಲು ಓದಿ ಶುರುಮಾಡೋಣ ಎಂದರಂತೆ. ಆಗ, ಅಷ್ಟು ದೊಡ್ಡ ಕಟ್ಟಡದಲ್ಲಿ ಒಂದೇ ಒಂದು ಪ್ರತಿಯೂ ಇಲ್ಲವೆಂದು ತಿಳಿದು, ಜವಾನರು ಮುದ್ರಣಾಲಯಕ್ಕೆ ಓಡಿ ಬಂದರಂತೆ. ನಮ್ಮವರು ನಮ್ಮ ಪ್ರತಿಯನ್ನೇ ಕೊಟ್ಟು ಕಳಿಸಿದರು. ಅಷ್ಟರಲ್ಲಿ ಓದುವವರು ಕೂರಬೇಕೋ ನಿಲ್ಲಬೇಕೋ ಎಂಬ ವಾಗ್ವಾದ ಎದ್ದು, ಓದುವುದು ಅಲ್ಲಿಗೇ ಮರೆತುಹೋಗಿ, ಗ್ರಂಥಕ್ಕೆ ಗಾಜಿನ ಪೆಟ್ಟಿಗೆಯಾಯಿತು, ಪೆಟ್ಟಿಗೆಗೆ ಬೀಗವಾಯಿತು, ಬೀಗಕ್ಕೊಬ್ಬ ಕಾವಲುಗಾರನೂ ಆದ. ಅಂಚಿನಲ್ಲಿ ಇಣುಕುವ ಕಪ್ಪು ತಂತಿ ಯಾವ ಕಾಲದ್ದು, ಅದರ ಮಹತ್ವವೇನು ಎಂದು ಪರಿಶೀಲಿಸಲು ಉಪಸಮಿತಿಯೊಂದನ್ನು ರಚಿಸಲಾಗಿದೆ ಎಂಬ ಸಾಲನ್ನು ನಮ್ಮವರೇ ಕರಡಿನಲ್ಲಿ ಓದಿ, ನಕ್ಕು, ಕೆಮ್ಮಿನಂತೆ ತೋರಿಸಿ ಪಾರಾದರಂತೆ.

ಮಾನ್ಯರೇ, ಉಪಸಮಿತಿಯ ಶ್ರಮ ಉಳಿಸುತ್ತೇನೆ. ಅದು ನಮ್ಮಜ್ಜಿಯ ಹೇರ್‌ಪಿನ್. ಆ ಪುಟ ನನಗೆ ಬಾಯಿಪಾಠ. ಹೊಸದಾಗಿ ಮದುವೆಯಾದವನನ್ನು ಅರಮನೆಯ ಕೆಲಸಕ್ಕೆ ಕರೆಯಬೇಡಿರಿ, ಮನೆಗೆ ಬಂದ ಹೆಣ್ಣು ಅಲ್ಲಿ ಅಳುಕಿಲ್ಲದೆ ನಗುವಷ್ಟು ಕಾಲವಾದರೂ ಅವನನ್ನು ಅವಳ ಪಾಲಿಗೆ ಬಿಡಿರಿ ಎಂದು ಅಲ್ಲಿದೆ. ನಾನಿನ್ನೂ ಆ ಮನೆಯ ಹೊಸ್ತಿಲನ್ನೇ ದಾಟಿಲ್ಲ, ನಗುವುದು ಎಲ್ಲಿಂದ ಬಂತು?

ಆದ್ದರಿಂದ ಸವಿನಯ ಪ್ರಾರ್ಥನೆ. ದಿನ ಬೇಸಿಗೆಯಲ್ಲಿರಲಿ, ಚಳಿಗಾಲದಲ್ಲಿರಲಿ, ಬೇಕಾದರೆ ಎರಡರ ನಡುವೆ ಹೊಸದೊಂದು ಋತುವನ್ನೇ ಮಂಜೂರು ಮಾಡಿಕೊಳ್ಳಿರಿ. ಹೊದಿಕೆ ಬೆಳಿಗ್ಗೆ ಹಸಿರಿದ್ದು ಸಂಜೆ ನೀಲಿಯಾಗಲಿ. ಪ್ರಜೆಗಳು ಅರ್ಧ ಎದ್ದು ಅರ್ಧ ಕೂರಲಿ. ಆದರೆ ನಾನೇ ಸೂಟ್‌ಕೇಸ್ ಹಿಡಿದು ಅಲ್ಲಿಗೆ ಬರುವ ದಿನ ಒಂದೇ ಒಂದು ತಿದ್ದುಪಡಿಯೂ ತಮಗೆ ಹೊಳೆಯದಿರಲಿ, ನಮ್ಮವರು ಪ್ಲಾಟ್‌ಫಾರ್ಮಿನಲ್ಲಿ ನಿಂತಿರಲಿ. ಗ್ರಂಥಕ್ಕೆ ಅದಕ್ಕಿಂತ ದೊಡ್ಡ ಗೌರವ ಸಲ್ಲಿಸಲು ತಮ್ಮಿಂದ ಆಗಲಿಕ್ಕಿಲ್ಲ. ಅದಕ್ಕೆ ಮಸೂದೆಯೂ ಬೇಕಾಗಿಲ್ಲ.

ತಮ್ಮ ಉತ್ತರಕ್ಕೆ ಕಾಯದೆ ಹೊರಟಿರುವ
ತಮ್ಮ ವಿಶ್ವಾಸಿ,
ಕರಡು ತಿದ್ದುವವರ ಹೊಚ್ಚಹೊಸ ಹೆಂಡತಿ

ಮರೆತ ಮಾತು: ಗಾಜಿನ ಪೆಟ್ಟಿಗೆಯ ಬೀಗದ ಕೈ ಎಲ್ಲೋ ಕಳೆದಿದೆ, ಆದ್ದರಿಂದ ಗ್ರಂಥ ತೆರೆಯಲು ಸಾಧ್ಯವಿಲ್ಲವೆಂದು ತಾವು ಹೇಳಬಹುದು. ಚಿಂತೆ ಬೇಡ, ಅಜ್ಜಿಯೂ ನನ್ನ ಜೊತೆ ಬರುತ್ತಿದ್ದಾರೆ. ಹೇರ್‌ಪಿನ್ನಿನಿಂದ ಬೀಗ ತೆಗೆಯುವುದರಲ್ಲಿ ಅವರದು ಎತ್ತಿದ ಕೈ, ತುರುಬಿನಲ್ಲಿ ಪಿನ್ನುಗಳಿಗೇನೂ ಕೊರತೆಯಿಲ್ಲ. ಗುರುವಾರ, ಬೆಳಗಿನ ಪ್ಯಾಸೆಂಜರ್ ರೈಲು, ಎಂಜಿನ್ನಿನಿಂದ ಎರಡನೆಯ ಬೋಗಿ.