ಹಲ್ಲಿ ಕೇಳಿಸಿಕೊಂಡೀತು!

ನಮ್ಮ ಮಾವ ಸಾಯುವುದಿಲ್ಲ! ಇದು ಜ್ಯೋತಿಷಿ ಹೇಳಿದ್ದಲ್ಲ, ಡಾಕ್ಟರು ಹೇಳಿದ್ದಂತೂ ಅಲ್ಲವೇ ಅಲ್ಲ. ಸ್ವತಃ ಮಾವನೇ ಕೈಗೊಂಡ ತೀರ್ಮಾನ. ಅಮ್ಮನ ತಮ್ಮ ಒಂದು ತೀರ್ಮಾನ ಮಾಡಿದರೆ ಅದನ್ನು ಪ್ರಶ್ನಿಸುವ ಪದ್ಧತಿ ನಮ್ಮ ತುಳುವರ ಮನೆಗಳಲ್ಲಿ ಇಲ್ಲ. ಆದರೆ ನನ್ನ ಗ್ರಹಚಾರ ನೋಡಿ, ನಾನು ಜೀವವಿಮೆಯ ಏಜೆಂಟು!

ಮಾವ ಕಾರ್ಕಳ–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ನಮ್ಮೂರಿನ ಎಕ್ಸ್‌ಪ್ರೆಸ್ ಹತ್ತಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಪ್ರಯಾಣಿಕರೆಲ್ಲ ಊರಿನ ದೈವಗಳಿಗೆ ಹರಕೆ ಹೇಳಿಕೊಳ್ಳುತ್ತಿದ್ದರೆ, ಮಾವ ಒಂದು ಕೈಯಲ್ಲಿ ಮೀಸೆ ತಿರುವುತ್ತಿರುತ್ತಾರೆ. ಅಂಥವರು ‘ಪಾಲಿಸಿ’ ಎಂಬ ಮಾತು ಕಿವಿಗೆ ಬಿದ್ದರೆ ಬೆವರುತ್ತಾರೆ!

ಹಾಗೆಂದು ಅವರು ವಿಮೆಯ ವಿರೋಧಿಯೇ? ಛೆ, ಛೆ! ಬಸ್ಸಿಗೆ ವಿಮೆ ಉಂಟು, ಸ್ಕೂಟರಿಗೂ ಉಂಟು. ಹಟ್ಟಿಯ ದನ ಕೂಡ ಕಿವಿಯಲ್ಲಿ ವಿಮೆಯ ಬಿಲ್ಲೆ ಧರಿಸಿ ನಿಶ್ಚಿಂತೆಯಿಂದ ಹುಲ್ಲು ತಿನ್ನುತ್ತದೆ.

"ಮಾವಾ, ದನಕ್ಕೆ ಮಾಡಿಸಿದ್ದೀರಿ, ನಿಮಗೆ ಯಾಕೆ ಬೇಡ?" ಎಂದು ಕೇಳಿದೆ.

"ಅದಕ್ಕೆ ನಾವು ಹೇಳುವ ಮಾತು ಗೊತ್ತಾಗುದಿಲ್ಲ ಮಾರಾಯ್ತಿ. ನನಗೆ ಗೊತ್ತಾಗ್ತದಲ್ಲ!"

ಮೊದಲ ಸಲ ಕಾಪುವಿನಿಂದ ಎರಡು ಬಸ್ಸು ಬದಲಿಸಿ ಬೈಲೂರಿನ ಅವರ ಮನೆಗೆ ಹೋಗಿ, ಚಾವಡಿಯಲ್ಲಿ ಕುಳಿತು, "ನಾಳೆ ನಿಮಗೆ ಏನಾದರೂ ಆದರೆ..." ಎಂದೆನಷ್ಟೇ. ಗೋಡೆಯ ಹಲ್ಲಿ ಲೊಚಗುಟ್ಟಿತು! ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಎನ್ನುವುದು ಹಿರಿಯರ ನಂಬಿಕೆ. ಮಾವ ಗಡಬಡಿಸಿ ಬಗ್ಗಿ, ಬೆರಳಿನ ಗೆಣ್ಣಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎಂದರು. ಅದರಿಂದ ಕೆಟ್ಟ ಮಾತಿನ ದೋಷ ಕಳೆಯುತ್ತದೆಂದು ಅವರ ಲೆಕ್ಕ.

"ಹೊರಗೆ ನಡಿ! ಅಂಥದ್ದು ಎಂತದಾದ್ರೂ ಹೇಳುದಿದ್ರೆ ಅಂಗಳದಲ್ಲಿ ಹೇಳು. ಅಲ್ಲಿ ಹಲ್ಲಿ ಇಲ್ಲ."

ಅಂದಿನಿಂದ ನನ್ನ ವ್ಯಾಪಾರವೆಲ್ಲ ಅಂಗಳದಲ್ಲಿ, ಸುಡುಬಿಸಿಲಲ್ಲಿ. ನಾನೂ ಭಾಷೆ ಬದಲಿಸಿದೆ. ಮಾವ–ಅತ್ತೆಗೆ ಮಕ್ಕಳಿಲ್ಲ, ಅತ್ತೆಯ ಸಂಪಾದನೆ ಎಂದರೆ ಬೀಡಿ ಸುತ್ತಿ ಬರುವ ಚಿಲ್ಲರೆ ಮಾತ್ರ. ಹಾಗಾಗಿ ಪಾಲಿಸಿಯನ್ನೇ ಮನೆಮಗನಂತೆ ಮಾಡಿ, ಆದಷ್ಟು ನಯವಾಗಿ, "ನೀವು ಇಲ್ಲದಾಗ ಅತ್ತೆಗೆ ಆಸರೆಯಾಗಿ ಒಬ್ಬರು..." ಎಂದು ಶುರುಮಾಡಿದೆ.

"ನಾನು ಇಲ್ಲದಾಗ ನನ್ನ ಮನೆಗೆ ಯಾರೂ ಬರುದು ಬೇಡ!"

ಇನ್ನೊಮ್ಮೆ ಅವರೇ ಪಾಟೀಸವಾಲಿಗೆ ಇಳಿದರು. "ಆಚೆಮನೆ ಅಜ್ಜ ಪಾಲಿಸಿ ಮಾಡಿಸಿದ್ರಲ್ಲ, ಈಗ ಎಲ್ಲಿದ್ದಾರೆ?"

"ಅವರು ತೀರಿಕೊಂಡದ್ದು ಪಾಲಿಸಿ ಮಾಡಿಸಿ ಮೂವತ್ತು ವರ್ಷ ಕಳೆದ ಮೇಲೆ ಮಾವಾ!"

"ಹೋದ್ರಾ ಇಲ್ವಾ? ಅದು ಹೇಳು."

ನಾನು ಪಾಲಿಸಿಯ ಫಾರ್ಮನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅತ್ತೆಯನ್ನು ಹಿಡಿದರೆ ಕೆಲಸವಾದೀತೆಂದು, ಮಾವ ಡ್ಯೂಟಿಗೆ ಹೋಗಿದ್ದ ಒಂದು ದಿನ ಅಡುಗೆಮನೆಗೆ ಹೋದೆ. "ನಾನು ಹೇಗೆ ಹೇಳುದು ಮಗಾ? ಗಂಡನ ಜೀವಕ್ಕೆ ಬೆಲೆ ಕಟ್ಟಿದ ಹಾಗೆ ಆಗುದಿಲ್ವಾ?" ಎಂದರು. ಅಷ್ಟರಲ್ಲಿ ರಸ್ತೆಯಿಂದ ಉದ್ದನೆಯ ಹಾರ್ನ್ ಕೇಳಿಸಿತು. ಅತ್ತೆ ಮಾತು ನಿಲ್ಲಿಸಿ ಆಲಿಸಿದರು, ಮುಖ ಅರಳಿತು. ಮಾವ ಪ್ರತಿ ಟ್ರಿಪ್ಪಿನಲ್ಲೂ ಮನೆಯ ಎದುರು ಹಾಗೆ ಹಾರ್ನ್ ಹಾಕುತ್ತಾರೆ. ಮದುವೆಯಾದಂದಿನಿಂದ ನಡೆದುಬಂದ ಕ್ರಮ. ಪ್ರಯಾಣಿಕರು ಅದನ್ನು ದನ ಅಡ್ಡ ಬಂದದ್ದಕ್ಕೆ ಎಂದುಕೊಳ್ಳುತ್ತಾರೆ. ಅದು ನಿಜವಾಗಿ ಅತ್ತೆಗೆ, ‘ನಾನಿದ್ದೇನೆ’ ಎನ್ನುವ ಸಮಾಚಾರ.

ಹೋದ ಮಳೆಗಾಲದಲ್ಲಿ ಒಂದು ದಿನ ಆ ಹಾರ್ನ್ ಬರಲಿಲ್ಲ. ಹಿರಿಯಡ್ಕದ ಹತ್ತಿರ ಗೇರ್‌ಬಾಕ್ಸ್ ಕೆಟ್ಟು, ಜನರನ್ನು ಬೇರೆ ಬಸ್ಸಿಗೆ ಹತ್ತಿಸಿ, ಮಾವ ಮೆಕ್ಯಾನಿಕ್ಕಿಗೆ ಕಾಯುತ್ತ ಅಲ್ಲೇ ಉಳಿದಿದ್ದರು. ಮೊಬೈಲು? ಅದು ಮನೆಯ ದೇವರ ಕೋಣೆಯಲ್ಲೇ ಮರೆತುಹೋಗಿತ್ತು! ಅತ್ತೆ ಫೋನು ಮಾಡಿದಾಗಲೆಲ್ಲ ಒಳಗೆ ದೇವರ ಎದುರು ರಿಂಗಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಮಾವ ಮನೆ ಸೇರಿದರೆ, ಅತ್ತೆ ಮಳೆಯಲ್ಲಿ ನೆನೆದುಕೊಂಡೇ ಗೇಟಿನ ಕಲ್ಲಿನ ಮೇಲೆ ಕುಳಿತಿದ್ದರು. ಒಲೆ ಹೊತ್ತಿರಲಿಲ್ಲ. ಬೈಯಲಿಲ್ಲ, ಅಳಲಿಲ್ಲ. "ಬಂದ್ರಾ?" ಎಂದಷ್ಟೇ ಕೇಳಿ, ಎದ್ದು ಒಳಗೆ ಹೋದರಂತೆ.

ಆ ಆದಿತ್ಯವಾರವೇ ಮಾವ ನನ್ನನ್ನು ಕರೆಸಿದರು. ನೇರವಾಗಿ ಅಂಗಳಕ್ಕೆ!

"ನಿನ್ನ ಆ ಪಾಲಿಸಿ ಮಾಡು," ಎಂದರು.

ನನಗೆ ನಂಬಲಾಗಲಿಲ್ಲ. ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದ ಅತ್ತೆಯ ಕಡೆ ನೋಡಿ ಮಾವ ದನಿ ತಗ್ಗಿಸಿದರು. "ಹಾರ್ನ್ ಬರದಿದ್ರೆ ಅವಳು ಅಲ್ಲೇ ಕೂತ್ಕೊಳ್ತಾಳೆ ಮಾರಾಯ್ತಿ. ಒಲೆ ಹೊತ್ತಿಸ್ಲಿಕ್ಕೂ ಏಳುದಿಲ್ಲ. ಒಂದು ದಿನ ನಾನು... ಆಮೇಲೆ ಅವಳ ಊಟಕ್ಕಾದ್ರೂ..."

ಎಷ್ಟೋ ದಿನಗಳಿಂದ ನಾನು ಅವರ ಬಾಯಿಂದ ಕೇಳಬೇಕೆಂದಿದ್ದ ಮಾತು ಅದೇ. ಕೇಳಿದಾಗ ಮಾತ್ರ ಅದು ನಿಜವಾಗಬಾರದು ಎನಿಸಿತು.

ಅಂಗಳದಲ್ಲಿ ಹಲ್ಲಿ ಇರಲಿಲ್ಲ. ಆದರೂ ಈ ವಿಮಾ ಏಜೆಂಟು ಸರಕ್ಕನೆ ಬಗ್ಗಿ, ನೆಲ ಕುಟ್ಟಿ, "ಕೃಷ್ಣ ಕೃಷ್ಣ" ಎಂದಳು.